ಗ್ರಿಡ್ ಒಪ್ಪುವ ಬೀಮ್: ಎಫ್‌ಡಿಟಿಡಿಯಲ್ಲಿ ಸೋರದ ಸೋರ್ಸ್ ಕಟ್ಟಿದ ನನ್ನ ಅನುಭವ

ಪ್ಲೇನ್ ವೇವ್‌ಗೆ ಟಿಎಫ್‌ಎಸ್‌ಎಫ್ ಪೆಟ್ಟಿಗೆ ಹೇಗೋ ನಡೆಯುತ್ತೆ, ಬೀಮ್‌ಗೆ ಕಟ್ಟಿದರೆ ಸೋರಿಯೇ ಸೋರುತ್ತೆ. ಈ ಮಾತನ್ನ ನನಗೆ ಹೇಳದವರೇ ಇಲ್ಲ. ಎಫ್‌ಡಿಟಿಡಿ ಅಂದರೆ ಜಾಗವನ್ನ ಸಣ್ಣ ಸೆಲ್‌ಗಳಾಗಿ, ಕಾಲವನ್ನ ಸಣ್ಣ ಸ್ಟೆಪ್‌ಗಳಾಗಿ ಕತ್ತರಿಸಿ ಬೆಳಕಿನ ಓಟವನ್ನ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವಿಧಾನ. ಪ್ಲೇನ್ ವೇವ್ ಅಂದರೆ ಎಲ್ಲೆಡೆ ಒಂದೇ ದಿಕ್ಕಿಗೆ ಸಾಗುವ ಚಪ್ಪಟೆ ಅಲೆ. ಟಿಎಫ್‌ಎಸ್‌ಎಫ್ ಪೆಟ್ಟಿಗೆ ಅಂದರೆ ಒಳಗೆ ಮಾತ್ರ ಬೀಮ್ ಇಟ್ಟು, ಹೊರಗೆ ಕಣ ಚದುರಿಸಿದ ಬೆಳಕನ್ನಷ್ಟೇ ಬಿಡುವ ಗಡಿ. ಒಳಗೆ ಕಣವೇ ಇಲ್ಲದಾಗಲೂ ಹೊರಗೆ ಬಂದದ್ದೆಲ್ಲ ಸೋರಿಕೆ. ಈಗ ನನ್ನ ಕೋಡ್‌ನಲ್ಲಿ ಖಾಲಿ ಪೆಟ್ಟಿಗೆಯ ಸೋರಿಕೆ ಡಬಲ್ ಪ್ರಿಸಿಷನ್‌ನಲ್ಲಿ ಮೈನಸ್ 240 ಡೆಸಿಬೆಲ್ ಹತ್ತಿರ ಇದೆ. ಸಿಂಗಲ್ ಪ್ರಿಸಿಷನ್‌ನಲ್ಲಿ ಮೈನಸ್ 120ರ ಸುತ್ತಮುತ್ತ. ಅದೂ ಸೊಂಟದ (ಬೀಮ್ ಅತಿ ಸಣ್ಣಗಾಗುವ ಜಾಗದ) ತ್ರಿಜ್ಯ ಅರ್ಧ ಮೈಕ್ರಾನ್ ಇರುವ, ಓರೆಯಾಗಿ ಬರುವ ಬೀಮ್‌ಗೆ, ಪೂರ್ತಿ ಮೂರು ಆಯಾಮದಲ್ಲಿ. ರಾಯಚೂರಿನಲ್ಲಿ ಮನೆಯ ಮೇಲಿನ ಕೋಣೆಯಲ್ಲಿ, ಸೆಕೆಂಡ್ ಹ್ಯಾಂಡ್ ಮಷೀನ್ ಮೇಲೆ ಮಾಡಿದ ಕೆಲಸ ಇದು. ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಹೊಸಬರಿಗೆ ಮೂರು ಮಾತು: ಯೀ ಗ್ರಿಡ್ ಅಂದರೆ ವಿದ್ಯುತ್ ಫೀಲ್ಡ್ (ಇ), ಕಾಂತೀಯ ಫೀಲ್ಡ್ (ಎಚ್) ಕೂರುವ ಸೆಲ್‌ಗಳ ಜಾಲ. ಪಿಎಂಎಲ್ ಅಂದರೆ ಗ್ರಿಡ್‌ನ ಅಂಚಿಗೆ ಬಂದ ಬೆಳಕನ್ನ ನುಂಗುವ ಪದರ. ಕೂರಾಂಟ್ ಸಂಖ್ಯೆ ಅಂದರೆ ಒಂದು ಸ್ಟೆಪ್‌ನಲ್ಲಿ ಬೆಳಕು ಎಷ್ಟು ಸೆಲ್ ದಾಟುತ್ತದೆ ಅನ್ನೋದು.

ಕೆಲಸ ಬಂದಿದ್ದು ಹೈದರಾಬಾದಿನಿಂದ. ಅಲ್ಲಿನ ಒಂದು ಸಣ್ಣ ವರ್ಕ್‌ಶಾಪ್‌ನವರು ಧೂಳು ಅಳೆಯುವ ಮೀಟರ್ ಮಾಡುತ್ತಾರೆ. ಒಳಗೆ 650 ನ್ಯಾನೋಮೀಟರ್‌ನ ಕೆಂಪು ಲೇಸರ್ ಡಯೋಡ್, ಅದಕ್ಕೆ 90 ಡಿಗ್ರಿಯಲ್ಲಿ ಒಂದು ಫೋಟೋಡಯೋಡ್. ಕಣ ಬೀಮ್ ದಾಟುವಾಗ ಪಕ್ಕಕ್ಕೆ ಚದುರಿದ ಬೆಳಕನ್ನ ಅದು ಹಿಡಿಯುತ್ತದೆ. ಶಕ್ತಿನಗರದ ಕಡೆ ಇಟ್ಟ ಮೀಟರ್ ಒಂದು ಥರ ತೋರಿಸುತ್ತಿತ್ತು, ಸಂಡೂರು ತೋರಣಗಲ್ಲು ಕಡೆ ಇಟ್ಟದ್ದು ಇನ್ನೊಂದು ಥರ. ತೂಕ ಮಾಡಿ ನೋಡಿದರೆ ಎರಡೂ ತಾಳೆಯಾಗುತ್ತಿರಲಿಲ್ಲ. ಅದರಲ್ಲಿ ಆಶ್ಚರ್ಯ ಏನಿಲ್ಲ. ಶಕ್ತಿನಗರದ್ದು ಕಲ್ಲಿದ್ದಲು ಸುಟ್ಟ ಹಾರುಬೂದಿ. ಅಲ್ಲಿನ ಉಷ್ಣ ವಿದ್ಯುತ್ ಕೇಂದ್ರ ಆರ್‌ಟಿಪಿಎಸ್ 1985ರಿಂದ ನಡೆಯುತ್ತಿದೆ, 1720 ಮೆಗಾವಾಟ್ ಸ್ಥಾವರ, ಬೂದಿಗೆ ಬರ ಇಲ್ಲ. ಬಳ್ಳಾರಿ ಕಡೆಯದು ಅದಿರಿನ ಧೂಳು, ಅಂದರೆ ಹೆಮಟೈಟ್. ಬೂದಿಯ ಕಣ ಗಾಜಿನಂಥದ್ದು, ವಕ್ರೀಭವನ ಸೂಚ್ಯಂಕ 1.5ರ ಆಸುಪಾಸು. ಹೆಮಟೈಟ್‌ದು 3ರ ಹತ್ತಿರ, ಮೇಲಾಗಿ ಅದು ಬೆಳಕನ್ನ ಹೀರುತ್ತದೆ. ಒಂದೇ ಗಾತ್ರದ ಈ ಎರಡು ಕಣಗಳು ಪಕ್ಕಕ್ಕೆ ಎಷ್ಟೆಷ್ಟು ಬೆಳಕು ಎಸೆಯುತ್ತವೆ? ಹೊಸ ಮೀಟರ್‌ನಲ್ಲಿ ಲೆನ್ಸ್ ಹಾಕಿ ಬೀಮ್ ಅನ್ನ 2 ಮೈಕ್ರಾನ್ ಸೊಂಟಕ್ಕೆ ಬಿಗಿ ಮಾಡಿದರೆ, ನಡುವೆ ಹೋದ ಕಣಕ್ಕೂ ಅಂಚಿನಲ್ಲಿ ಹೋದ ಕಣಕ್ಕೂ ಏನು ವ್ಯತ್ಯಾಸ? ಇಷ್ಟು ಅವರಿಗೆ ಬೇಕಿತ್ತು. ಒಟ್ಟು ಎಂಬತ್ತು ಸಾವಿರಕ್ಕೆ ಮಾತಾಯಿತು, ಅರ್ಧ ಮುಂಗಡ.

ಇಲ್ಲಿ ಸೋರಿಕೆ ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಒಂದು ಮೈಕ್ರಾನ್ ಕಣ ಚದುರಿಸುವ ಬೆಳಕಿನಲ್ಲಿ ಬಹುಪಾಲು ಮುಂದಕ್ಕೇ ಹೋಗುತ್ತದೆ. 90 ಡಿಗ್ರಿಗೆ ಬರೋದು ತೀರಾ ಕಡಿಮೆ. ಸೋರ್ಸ್‌ನಿಂದ ಪಕ್ಕಕ್ಕೆ ಒಂದು ಪರ್ಸೆಂಟ್ ಸೋರಿದರೂ ಸಾಕು, ನಾವು ಅಳೆಯಬೇಕಾದದ್ದು ಅದರ ಕೆಳಗೆ ಮುಳುಗಿಹೋಗುತ್ತದೆ.

ಕಮರ್ಷಿಯಲ್ ಸಾಫ್ಟ್‌ವೇರ್‌ಗೆ ದರ ಕೇಳಿದ್ದೆ. ವರ್ಷದ ಲೈಸೆನ್ಸ್ ನನ್ನ ಸಂಭಾವನೆಯ ಎಷ್ಟೋ ಪಟ್ಟು ಇತ್ತು. ಹಾಗಾಗಿ ಸ್ವಂತ ಕೋಡ್. ಕಲಬುರಗಿಯಲ್ಲಿ ಓದುವಾಗ ನನಗಿಂತ ಸೀನಿಯರ್ ಆಗಿದ್ದವರೊಬ್ಬರು ಈಗಲೂ ಇದೇ ಕ್ಷೇತ್ರದಲ್ಲಿದ್ದಾರೆ. ರಾಯಚೂರಿನ ತೀನ್ ಕಂದಿಲ್ ಹತ್ತಿರ ಚಹಾ ಕುಡಿಯುತ್ತಾ ಅವರಿಗೆ ವಿಷಯ ಹೇಳಿದೆ.

"ತಮ್ಮಾ, ಬೀಮ್‌ಗೆ ಪೆಟ್ಟಿಗೆ ಕಟ್ಟಬ್ಯಾಡ. ಪ್ಲೇನ್ ವೇವೇ ಸೋರ್ತದ, ಇದು ಸೋರಲಾರದ ಇರ್ತದೇನು?"

"ಸರ, ಒಂದೆರಡು ತಿಂಗಳು ನೋಡ್ತೀನ್ರಿ."

"ನೋಡು. ಆದ್ರ ಮುಂಗಡದ ರೊಕ್ಕ ಖರ್ಚು ಮಾಡಬ್ಯಾಡ."

ಮೊದಲು ಎಲ್ಲರೂ ಮಾಡುವಂತೆ ಒಂದು ರೇಖೆಯ ಮೇಲೆ ಗಾಸಿಯನ್ ಆಕಾರದ (ನಡುವೆ ಜೋರು, ಅಂಚಿಗೆ ಹೋದಂತೆ ಇಳಿಯುವ) ಕರೆಂಟ್ ಹಾಕಿ ಶುರು ಮಾಡಿದೆ. ಅದು ಎರಡೂ ಕಡೆ ಬೆಳಕು ಬಿಡುತ್ತದೆ. ಹಿಂದಕ್ಕೆ ಹೋದದ್ದನ್ನ ಪಿಎಂಎಲ್ ನುಂಗುತ್ತದೆ, ಸರಿ. ಆದರೆ ಕಣದಿಂದ ಹಿಂದಕ್ಕೆ ಚದುರಿದ ಬೆಳಕನ್ನ ಬೇರೆ ಮಾಡೋದು ಹೇಗೆ? ಇನ್ನೊಂದು ಕಾಟ ಅಂಚಿನದು. ರೇಖೆಯನ್ನ ಸೊಂಟದ ಎರಡು ಪಟ್ಟಿಗೆ ಕತ್ತರಿಸಿದರೆ ಅಲ್ಲಿ ವೈಶಾಲ್ಯ (ಅಲೆಯ ಎತ್ತರ) ಇನ್ನೂ 1.8% ಉಳಿದಿರುತ್ತದೆ. ಆ ಕತ್ತರಿಸಿದ ತುದಿಯಿಂದ ಬೆಳಕು ಪಕ್ಕಕ್ಕೆ ಹರಡುತ್ತದೆ, ಥೇಟ್ ಕಣ ಚದುರಿಸಿದ ಹಾಗೇ ಕಾಣುತ್ತದೆ. ಮೂರು ಪಟ್ಟಿಗೆ ಹೋದರೆ ಸುಮಾರು 0.012%ಗೆ ಇಳಿಯುತ್ತದೆ, ಆದರೆ ಗ್ರಿಡ್ ಅಗಲವಾಗುತ್ತದೆ. ಮೂರು ಆಯಾಮದಲ್ಲಿ ಅಗಲ ಅಂದರೆ ಮೆಮೊರಿ, ಮೆಮೊರಿ ಅಂದರೆ ದುಡ್ಡು.

ಆಮೇಲೆ ವಿದ್ಯುತ್ ಕರೆಂಟ್ ಮತ್ತು ಕಾಂತೀಯ ಕರೆಂಟ್ ಎರಡನ್ನೂ ಒಟ್ಟಿಗೆ ಹಾಕಿ ಒಂದೇ ಕಡೆ ಹೋಗುವ ಸೋರ್ಸ್ ಮಾಡಿದೆ. ಪುಸ್ತಕದ ಪ್ರಕಾರ ಹಿಂದಕ್ಕೆ ಸೊನ್ನೆ. ಗ್ರಿಡ್‌ನಲ್ಲಿ ಹಾಗಾಗಲ್ಲ. ಇ ಮತ್ತು ಎಚ್ ಎರಡೂ ಒಂದೇ ಜಾಗದಲ್ಲಿ ಕೂರೋದಿಲ್ಲ, ಅರ್ಧ ಸೆಲ್ ಸರಿದಿರುತ್ತವೆ. ತರಂಗಾಂತರಕ್ಕೆ 20 ಸೆಲ್ ಇದ್ದರೆ ಅರ್ಧ ಸೆಲ್ ಅಂದರೆ 9 ಡಿಗ್ರಿ ಫೇಸ್ (ಒಂದು ಪೂರ್ತಿ ಅಲೆಗೆ 360 ಡಿಗ್ರಿ). ಅಷ್ಟನ್ನ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹಿಂದಕ್ಕೆ 8% ವೈಶಾಲ್ಯ ಹೋಗುತ್ತದೆ. ಅರ್ಧ ಸೆಲ್, ಅರ್ಧ ಸ್ಟೆಪ್ ಎರಡನ್ನೂ ಸರಿಮಾಡಿದ ಮೇಲೆ ತುಂಬಾ ಇಳಿಯಿತು. ಆದರೂ ಒಂದು ಮಟ್ಟದಲ್ಲಿ ಬಂದು ನಿಂತುಬಿಟ್ಟಿತು.

ಮುಚ್ಚಿದ ಪೆಟ್ಟಿಗೆಗೆ ಹೋದಾಗ ನಿಜವಾದ ಕಾಟ ಶುರುವಾಯಿತು. ಗ್ರಿಡ್‌ನಲ್ಲಿ ಬೆಳಕು ಸ್ವಲ್ಪ ನಿಧಾನ ಹೋಗುತ್ತದೆ. 20 ಸೆಲ್, ಕೂರಾಂಟ್ 0.5, ಅಕ್ಷದ ದಿಕ್ಕಿನಲ್ಲಿ ವ್ಯತ್ಯಾಸ ಸುಮಾರು 0.3%. ಕೇಳಲಿಕ್ಕೆ ಏನೂ ಅಲ್ಲ. ಆದರೆ ಪೆಟ್ಟಿಗೆ ಹತ್ತು ತರಂಗಾಂತರ ಉದ್ದ ಇದ್ದರೆ ಆಚೆ ಮುಖ ತಲುಪುವಷ್ಟರಲ್ಲಿ ಅದು 11 ಡಿಗ್ರಿ ಫೇಸ್ ಆಗುತ್ತದೆ. ಆಚೆ ಮುಖದಲ್ಲಿ ನಾನು ಸೂತ್ರದಿಂದ ಕಳೆಯುವ ಬೆಳಕಿಗೂ, ಗ್ರಿಡ್‌ನಲ್ಲಿ ನಿಜವಾಗಿ ಬಂದ ಬೆಳಕಿಗೂ ಅಷ್ಟು ವ್ಯತ್ಯಾಸ. ವೈಶಾಲ್ಯದಲ್ಲಿ 19% ಸೋರಿಕೆ! ನಮ್ಮ ಸೀನಿಯರ್ ಹೇಳಿದ್ದು ಇದನ್ನೇ. ಅವರ ಅನುಭವ ಸುಳ್ಳಲ್ಲ.

ಸೂತ್ರ ಚೆನ್ನಾಗಿದ್ದರೆ ಸರಿಹೋಗಬಹುದಾ ಅಂತ ಬೇರೆ ಬೇರೆ ಸೂತ್ರ ಹಾಕಿ ನೋಡಿದೆ. ಸಾಮಾನ್ಯ ಗಾಸಿಯನ್ ಸೂತ್ರದಲ್ಲಿ ಬೀಮ್ ಸಾಗುವ ದಿಕ್ಕಿನ ಇ ಘಟಕವೇ ಇಲ್ಲ. 2 ಮೈಕ್ರಾನ್ ಸೊಂಟಕ್ಕೆ ಹರಡುವ ಕೋನ 6 ಡಿಗ್ರಿಗಿಂತ ಸ್ವಲ್ಪ ಕಡಿಮೆ, ಅಲ್ಲಿ ಹೇಗೋ ನಡೆಯುತ್ತದೆ. ಅರ್ಧ ಮೈಕ್ರಾನ್‌ಗೆ ಬಂದರೆ ಕೋನ 24 ಡಿಗ್ರಿ ಹತ್ತಿರ, ಸೂತ್ರವೇ ಮ್ಯಾಕ್ಸ್‌ವೆಲ್ ಸಮೀಕರಣಕ್ಕೆ ಹೊಂದುವುದಿಲ್ಲ. ಡೇವಿಸ್ 1979ರಲ್ಲಿ ಕೊಟ್ಟ ತಿದ್ದುಪಡಿ ಹಾಕಿದೆ. ಬಾರ್ಟನ್ ಮತ್ತು ಅಲೆಕ್ಸಾಂಡರ್ 1989ರಲ್ಲಿ ಐದನೇ ಹಂತದವರೆಗೆ ಒಯ್ದದ್ದನ್ನೂ ಹಾಕಿದೆ. ಟೈಪ್ ಮಾಡುವಷ್ಟರಲ್ಲಿ ಕಣ್ಣು ನೋಯುವಷ್ಟು ಉದ್ದದ ಸೂತ್ರ ಅದು. ದೊಶಾಂಪ್ 1971ರಲ್ಲಿ ತೋರಿಸಿದ ದಾರಿ ಇನ್ನೂ ಚೊಕ್ಕ. ಬಿಂದು ಸೋರ್ಸ್ ಅನ್ನ ಕಾಂಪ್ಲೆಕ್ಸ್ ಜಾಗದಲ್ಲಿ ಇಟ್ಟರೆ ತಾನಾಗಿಯೇ ಬೀಮ್ ಆಗುತ್ತದೆ, ಮ್ಯಾಕ್ಸ್‌ವೆಲ್‌ಗೆ ಪೂರ್ತಿ ಹೊಂದುತ್ತದೆ. ಎಂಐಟಿಯವರ ಉಚಿತ ಸಾಫ್ಟ್‌ವೇರ್ ಮೀಪ್‌ನಲ್ಲಿರುವ ಗಾಸಿಯನ್ ಬೀಮ್ ಸೋರ್ಸ್ ಕೂಡ ಇದೇ ದಾರಿಯದು. ಬಹಳ ಕೆಲಸಗಳಿಗೆ ಅದು ಧಾರಾಳ ಸಾಕು, ನಾನೂ ತಾಳೆ ನೋಡಲಿಕ್ಕೆ ಅದನ್ನೇ ಬಳಸಿದ್ದೇನೆ. ಆದರೆ ನನ್ನ ಮುಚ್ಚಿದ ಪೆಟ್ಟಿಗೆಯಲ್ಲಿ ಎಷ್ಟು ಒಳ್ಳೆಯ ಸೂತ್ರ ಹಾಕಿದರೂ ಸೋರಿಕೆ ಒಂದು ಮಟ್ಟಕ್ಕಿಂತ ಕೆಳಗೆ ಹೋಗಲಿಲ್ಲ.

ಗ್ರಿಡ್ ಸಣ್ಣದು ಮಾಡಿದರೆ ಇಳಿಯುತ್ತದೆ. ಸೆಲ್ ಅನ್ನ ಅರ್ಧ ಮಾಡಿದರೆ ಸೋರಿಕೆಯ ವೈಶಾಲ್ಯ ಕಾಲುಭಾಗ ಆಗುತ್ತದೆ, ಆದರೆ ಲೆಕ್ಕ ಹದಿನಾರು ಪಟ್ಟು. ಒಂದೊಂದು ದೊಡ್ಡ ರನ್ ಕ್ಲೌಡ್ ಮೇಲೆ ಮಾಡಿಸಿದಾಗ ಐನೂರು ಆರುನೂರು ರೂಪಾಯಿ ಹೋಗುತ್ತಿತ್ತು. ಆ ತಿಂಗಳ ಬಿಲ್ ಏಳು ಸಾವಿರ ದಾಟಿತು. ಕಣದ ಜಾಗ, ಗಾತ್ರ, ಬೀಮ್‌ನ ಪೋಲರೈಸೇಷನ್ (ಇ ಅಲ್ಲಾಡುವ ದಿಕ್ಕು) ಎಲ್ಲ ಬದಲಿಸಿ ನೂರಾರು ರನ್ ಮಾಡಬೇಕು. ಆ ದಾರಿ ಮುಚ್ಚಿತು.

ಆಗ ಹಿಡಿದ ದಾರಿಯೇ ಈ ಬರಹದ ತಿರುಳು. ಗೋಡೆ ಓರೆ ಇದ್ದರೆ ಬಾಗಿಲನ್ನೂ ಅದೇ ಓರೆಗೆ ಕೆತ್ತಬೇಕು. ಸೋರುತ್ತಿರುವುದು ಬೀಮ್ ಅಲ್ಲ. ನಿಜವಾದ ಜಾಗದ ಬೀಮ್‌ಗೂ ಗ್ರಿಡ್‌ನ ಬೀಮ್‌ಗೂ ಇರುವ ವ್ಯತ್ಯಾಸ ಸೋರುತ್ತಿದೆ. ಹಾಗಾದರೆ ಗ್ರಿಡ್ ತಾನೇ ಒಪ್ಪುವ ಬೀಮ್ ಅನ್ನೇ ಕೊಟ್ಟರಾಯಿತು. ಪ್ಲೇನ್ ವೇವ್‌ಗೆ ಈ ಕೆಲಸವನ್ನ ಜಾನ್ ಷ್ನೈಡರ್ 2004ರಲ್ಲೇ ತೋರಿಸಿದ್ದರು. ಬೀಮ್ ಅಂದರೆ ಬೇರೇನೂ ಅಲ್ಲ, ಬೇರೆ ಬೇರೆ ಕೋನದ ಪ್ಲೇನ್ ವೇವ್‌ಗಳ ಮೊತ್ತ. ಒಂದೊಂದು ಅಲೆಯೂ ಗ್ರಿಡ್‌ಗೆ ಪೂರ್ತಿ ಹೊಂದಿದರೆ ಮೊತ್ತವೂ ಹೊಂದಲೇಬೇಕು. ಸರಳ ರೇಖೀಯ ಲೆಕ್ಕ.

ಮಾಡಿದ್ದು ಹೀಗೆ. ಒಂದೊಂದು ಅಲೆಗೂ ಕೆ ಅಂತ ಒಂದು ವೆಕ್ಟರ್ ಇದೆ, ಅಲೆ ಯಾವ ದಿಕ್ಕಿಗೆ ಎಷ್ಟು ಒತ್ತೊತ್ತಾಗಿ ಸಾಗುತ್ತದೆ ಅಂತ ಅದು ಹೇಳುತ್ತದೆ. ಅಡ್ಡ ದಿಕ್ಕಿನ ಎರಡು ಕೆ ಘಟಕಗಳನ್ನ ಸಮಾನ ಅಂತರದಲ್ಲಿ ಆರಿಸುತ್ತೇನೆ, ಗಾಸಿಯನ್ ತೂಕ ಕೊಡುತ್ತೇನೆ. ಸಾಗುವ ದಿಕ್ಕಿನ ಕೆ ಅನ್ನ ಮಾಮೂಲಿ ವೃತ್ತದ ಸೂತ್ರದಿಂದ ತೆಗೆಯುವುದಿಲ್ಲ. ಯೀ ಗ್ರಿಡ್‌ನ ಡಿಸ್ಪರ್ಷನ್ ಸಂಬಂಧ, ಅಂದರೆ ಕೆಗೂ ಆವರ್ತನಕ್ಕೂ ನಂಟು ಹೇಳುವ, ಸೈನ್ ವರ್ಗಗಳಿರುವ ಸಮೀಕರಣದಿಂದ ತೆಗೆಯುತ್ತೇನೆ. ಬೀಮ್‌ನ ಮುಖ್ಯ ದಿಕ್ಕು ಅಕ್ಷಕ್ಕೆ ಹತ್ತಿರ ಇದ್ದರೆ ಒಂದು ಆರ್ಕ್‌ಸೈನ್‌ನಲ್ಲಿ ಮುಗಿಯುತ್ತದೆ. ಓರೆ ಬೀಮ್ ಆದರೆ ಪ್ರತಿ ಅಲೆಗೂ ನ್ಯೂಟನ್ ವಿಧಾನ, ನಾಲ್ಕೈದು ಸುತ್ತಿನಲ್ಲಿ ಬಂದುಬಿಡುತ್ತದೆ. ಎಚ್ ಅನ್ನ, ಇ ಅನ್ನ ಇಂಪೀಡೆನ್ಸ್‌ನಿಂದ (ಇ, ಎಚ್‌ಗಳ ಮಾಮೂಲಿ ಅನುಪಾತದಿಂದ) ಭಾಗಿಸಿ ಪಡೆಯಬಾರದು. ಗ್ರಿಡ್‌ನ ಕರ್ಲ್ (ಅಕ್ಕಪಕ್ಕದ ಇಗಳ ವ್ಯತ್ಯಾಸದ ಲೆಕ್ಕ) ಏನಿದೆಯೋ ಅದರಿಂದಲೇ ಪಡೆಯಬೇಕು. ಹಾಗೆ ಮಾಡಿದರೆ ಅರ್ಧ ಸೆಲ್, ಅರ್ಧ ಸ್ಟೆಪ್ ಎಲ್ಲ ಅದರೊಳಗೇ ಬಂದುಬಿಡುತ್ತವೆ, ಬೇರೆ ತಿದ್ದುಪಡಿ ಬೇಡ.

ಪೋಲರೈಸೇಷನ್ ಬಗ್ಗೆ ಎಲ್ಲೂ ಸರಿಯಾಗಿ ಬರೆದದ್ದು ನನಗೆ ಸಿಗಲಿಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಪ್ಲೇನ್ ವೇವ್‌ನ ಇ ಅದರ ಕೆಗೆ ಲಂಬವಾಗಿರಬೇಕು ಅಂತ ನಾವು ಕಲಿತಿದ್ದೇವೆ. ಗ್ರಿಡ್‌ನಲ್ಲಿ ಅದು ಕೆಗೆ ಲಂಬ ಇರಬಾರದು. ಪ್ರತಿ ಘಟಕದ ಸೈನ್ ತೆಗೆದುಕೊಂಡು ಮಾಡಿದ ಇನ್ನೊಂದು ವೆಕ್ಟರ್‌ಗೆ ಲಂಬ ಇರಬೇಕು. ಎರಡರ ನಡುವಿನ ಕೋನ ತೀರಾ ಸಣ್ಣದು. ಆದರೆ ಕೆಯನ್ನೇ ಬಳಸಿದರೆ ಪೆಟ್ಟಿಗೆಯ ಮುಖಗಳ ಮೇಲೆ ಗ್ರಿಡ್ ಕಣ್ಣಿಗೆ ವಿದ್ಯುದಾವೇಶ ಕಾಣುತ್ತದೆ. ಪಲ್ಸ್ ಹೋದ ಮೇಲೂ ಮೂಲೆಗಳಲ್ಲಿ ಅಲ್ಲಾಡದ ಫೀಲ್ಡ್ ಉಳಿದುಬಿಡುತ್ತದೆ. ಪಿಎಂಎಲ್‌ಗೆ ಅದನ್ನ ನುಂಗಲು ಆಗಲ್ಲ, ಯಾಕೆಂದರೆ ಅದು ಚಲಿಸುವುದೇ ಇಲ್ಲ. ನಿಮ್ಮ ಕೋಡ್‌ನಲ್ಲಿ ಪಲ್ಸ್ ಮುಗಿದ ಮೇಲೆ ಪೆಟ್ಟಿಗೆಯ ಮೂಲೆಗಳು ಬಣ್ಣ ತೋರಿಸುತ್ತಿದ್ದರೆ ಮೊದಲು ಇದನ್ನ ನೋಡಿ.

ಎಷ್ಟು ಅಲೆ ಬೇಕು? ಅಡ್ಡ ಕೆಯ ಅಂತರ ದೊಡ್ಡದಾದರೆ ಪಕ್ಕದಲ್ಲಿ ಭೂತ ಬೀಮ್‌ಗಳು ಹುಟ್ಟುತ್ತವೆ. ಸಮಾನ ಅಂತರದ ಮೊತ್ತ ಅಂದರೆ ಜಾಗದಲ್ಲಿ ಅದು ಮತ್ತೆ ಮತ್ತೆ ಬರಲೇಬೇಕು, ಅಲ್ವಾ? ಆ ಮರುಕಳಿಕೆಯ ದೂರ ಪೆಟ್ಟಿಗೆಗಿಂತಲೂ ಬೀಮ್‌ನ ಅಗಲಕ್ಕಿಂತಲೂ ಧಾರಾಳ ದೊಡ್ಡದಿರಬೇಕು. 2 ಮೈಕ್ರಾನ್ ಸೊಂಟಕ್ಕೆ ಮುನ್ನೂರು ಚಿಲ್ಲರೆ ಅಲೆ ಸಾಕಾದವು. ಅರ್ಧ ಮೈಕ್ರಾನ್‌ಗೆ ಎರಡು ಸಾವಿರದ ಹತ್ತಿರ. ಪೆಟ್ಟಿಗೆಯ ಆರು ಮುಖಗಳ ಎಲ್ಲ ಬಿಂದುಗಳಿಗೂ ಇದನ್ನ ಮೊದಲೇ ಲೆಕ್ಕ ಹಾಕಿ ಟೇಬಲ್ ಮಾಡಿಡುತ್ತೇನೆ, ಕೆಲವು ನಿಮಿಷದ ಕೆಲಸ. ಒಂದೇ ತರಂಗಾಂತರ ಆದರೆ ಪ್ರತಿ ಬಿಂದುವಿಗೆ ವೈಶಾಲ್ಯ ಮತ್ತು ಫೇಸ್ ಅಷ್ಟೇ. 240 ಸೆಲ್ ಬದಿಯ ಪೆಟ್ಟಿಗೆಗೆ ಹತ್ತು ಹನ್ನೆರಡು ಎಂಬಿ. ರನ್ ನಡೆಯುವಾಗ ಅದರ ಭಾರ ಗೊತ್ತೇ ಆಗುವುದಿಲ್ಲ.

ತುಂಬಾ ಬಿಗಿ ಬೀಮ್ ಕೇಳುವವರಿಗೆ ಒಂದು ಮಾತು. 0.3 ಮೈಕ್ರಾನ್ ಸೊಂಟ ಕೇಳಿದರೆ, 650 ನ್ಯಾನೋಮೀಟರ್ ಬೆಳಕಿಗೆ, ಗಾಸಿಯನ್ ತೂಕ ಕೆಯ ಮಿತಿಯಲ್ಲೂ 12% ಉಳಿದಿರುತ್ತದೆ. ಮಿತಿಯ ಆಚೆಗಿನವು ಸಾಗುವ ಅಲೆಗಳೇ ಅಲ್ಲ. ಅವನ್ನ ಕೈಬಿಡಲೇಬೇಕು, ಕೈಬಿಟ್ಟರೆ ಸೊಂಟ ಕೇಳಿದ್ದಕ್ಕಿಂತ ದಪ್ಪ ಬರುತ್ತದೆ. ಅದು ಕೋಡ್‌ನ ದೋಷ ಅಲ್ಲ, ಬೆಳಕಿನ ಗುಣ. ಅರ್ಧ ಮೈಕ್ರಾನ್‌ನಲ್ಲಿ ಮಿತಿಯ ಬಳಿ ಉಳಿಯೋದು 0.3% ಮಾತ್ರ, ಹಾಗಾಗಿ ನಾನು ಅಲ್ಲಿಗೆ ನಿಲ್ಲಿಸಿದೆ. ಮಿತಿಯ ಹತ್ತಿರದ ತೀರಾ ಓರೆ ಅಲೆಗಳನ್ನ ಎಲ್ಲಿ, ಯಾವ ಆಕಾರದಲ್ಲಿ ಇಳಿಸಬೇಕು ಅನ್ನೋದರಲ್ಲಿ ಒಂದು ಚಮಕ್ ಇದೆ. ಅದನ್ನ ಇಲ್ಲಿ ಬರೆಯಲ್ಲ, ಅದು ವರ್ಕ್‌ಶಾಪ್‌ನವರಿಗೆ ಕೊಟ್ಟ ಕೆಲಸದ ಭಾಗ. ಕೂತು ಯೋಚಿಸಿದರೆ ನಿಮಗೂ ಹೊಳೆಯುತ್ತದೆ.

ನನಗೆ ಅತಿ ಖುಷಿ ಕೊಟ್ಟ ಲಾಭ ಬೇರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಬೀಮ್ ಪೂರ್ತಿ ಹಿಡಿಸಬೇಕಾಗಿಲ್ಲ! ಎಲ್ಲ ಮುಖಗಳಲ್ಲೂ ಫೀಲ್ಡ್ ನಾವೇ ಕೊಡುವುದರಿಂದ ಬೀಮ್ ಪೆಟ್ಟಿಗೆಗಿಂತ ಎಷ್ಟು ದಪ್ಪ ಇದ್ದರೂ ನಡೆಯುತ್ತದೆ. ಕಣದ ಸುತ್ತ ಮೂರು ಮೈಕ್ರಾನ್ ಪೆಟ್ಟಿಗೆ ಕಟ್ಟಿ, ಅದರ ಮೇಲೆ 20 ಮೈಕ್ರಾನ್ ಸೊಂಟದ ಬೀಮ್ ಬಿಟ್ಟೆ. ಹಳೆಯ ರೇಖೆ ಸೋರ್ಸ್‌ನಲ್ಲಿ ಇದಕ್ಕೆ ನೂರಿಪ್ಪತ್ತು ಮೈಕ್ರಾನ್ ಅಗಲದ ಗ್ರಿಡ್ ಬೇಕಿತ್ತು. ಅಂಥ ಗ್ರಿಡ್ ನನ್ನ ಮಷೀನ್‌ನಲ್ಲಿ ಕನಸಿನ ಮಾತು. ಕಣವನ್ನ ಬೀಮ್‌ನ ಅಂಚಿಗೆ ಸರಿಸಬೇಕಾದರೂ ಕಣ ಮುಟ್ಟಬೇಕಿಲ್ಲ, ಟೇಬಲ್‌ನಲ್ಲಿ ಬೀಮ್ ಅನ್ನ ಸರಿಸಿದರೆ ಸಾಕು. ಪ್ರತಿ ಅಲೆಗೆ ಒಂದು ಫೇಸ್ ಗುಣಿಸಿದರೆ ಮುಗಿಯಿತು.

ಪಲ್ಸ್‌ಗೆ ಬರುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ 42, 43 ಡಿಗ್ರಿ ಬಿಸಿಲು. ಡಯೋಡ್ ಬಿಸಿಯಾದರೆ ತರಂಗಾಂತರ ಸ್ವಲ್ಪ ಸರಿಯುತ್ತದೆ. ಹಾಗಾಗಿ 600ರಿಂದ 700 ನ್ಯಾನೋಮೀಟರ್‌ವರೆಗೆ ಒಂದೇ ರನ್‌ನಲ್ಲಿ ನೋಡೋಣ ಅನಿಸಿತು. ಅಡ್ಡ ಕೆ ಅನ್ನ ಒಂದೇ ಇಟ್ಟು ಪಲ್ಸ್ ಬಿಟ್ಟರೆ ಓರೆ ಬೀಮ್ ಬಣ್ಣಕ್ಕೊಂದು ಕೋನಕ್ಕೆ ಹೋಗುತ್ತದೆ. 650ರಲ್ಲಿ 20 ಡಿಗ್ರಿ ಇಟ್ಟದ್ದು 600ರಲ್ಲಿ 18.4, 700ರಲ್ಲಿ 21.6 ಆಗುತ್ತದೆ. ನಾನು ಪ್ರತಿ ಆವರ್ತನಕ್ಕೂ ಬೇರೆ ಟೇಬಲ್ ಮಾಡಿ ಕಾಲದಲ್ಲಿ ಕೂಡಿಸಿದೆ. ಇಲ್ಲೂ ಅದೇ ಭೂತದ ಕಥೆ: ಆವರ್ತನಗಳ ಅಂತರ ದೊಡ್ಡದಾದರೆ ಪಲ್ಸ್ ಮತ್ತೆ ಬರುತ್ತದೆ. ನನ್ನ ರನ್ 90 ಫೆಮ್ಟೋಸೆಕೆಂಡ್ ಒಳಗೆ ಮುಗಿಯುವುದರಿಂದ 10 ಟೆರಾಹರ್ಟ್ಸ್ ಅಂತರ ಸಾಕಾಯಿತು. ಆ ಪಟ್ಟಿಯ ಅಗಲ 71 ಟೆರಾಹರ್ಟ್ಸ್, ಬಾಲಗಳನ್ನೂ ಸೇರಿಸಿ ಇಪ್ಪತ್ತರ ಹತ್ತಿರ ಆವರ್ತನ. ಸೋರಿಕೆ ಇದರಲ್ಲೂ ಅಷ್ಟೇ ಕೆಳಗೆ. ಒಂದೇ ಬಣ್ಣದ ರನ್‌ನಲ್ಲಿ ಆರಂಭದ ಏರಿಕೆಯ ಹೊತ್ತಿಗೆ ಸ್ವಲ್ಪ ಸೋರುತ್ತದೆ, ಯಾಕೆಂದರೆ ಏರುವಾಗ ಅದು ಒಂದೇ ಆವರ್ತನ ಅಲ್ಲ. ಅದು ಪಿಎಂಎಲ್‌ಗೆ ಹೋಗುವವರೆಗೆ ಕಾದು ಅಳೆದರೆ ಆಯಿತು. ಏರಿಕೆಯನ್ನ ನುಣುಪಾಗಿ ಇಟ್ಟಷ್ಟೂ ಒಳ್ಳೆಯದು.

ಪರೀಕ್ಷೆಗಳು. ಖಾಲಿ ಪೆಟ್ಟಿಗೆ ಮೊದಲು. ಅದರಲ್ಲಿ ಸೋರಿಕೆ ಇಳಿಯದೆ ಮುಂದಿನದನ್ನ ಮುಟ್ಟಬೇಡಿ. ಆಮೇಲೆ ಬೀಮ್‌ನ ಅಗಲ ಮತ್ತು ಗೂಯಿ ಫೇಸ್ (ಸೊಂಟ ದಾಟುವಾಗ ಪ್ಲೇನ್ ವೇವ್‌ಗೆ ಹೋಲಿಸಿದರೆ ಬೀಮ್‌ಗೆ ಬರುವ ಫೇಸ್ ವ್ಯತ್ಯಾಸ). 2 ಮೈಕ್ರಾನ್ ಸೊಂಟಕ್ಕೆ ರೇಲೀ ದೂರ (ಸೊಂಟದಿಂದ ಬೀಮ್‌ನ ವಿಸ್ತೀರ್ಣ ಇಮ್ಮಡಿಯಾಗುವ ದೂರ) 19 ಮೈಕ್ರಾನ್ ಚಿಲ್ಲರೆ. ಎರಡು ಆಯಾಮದಲ್ಲಿ ಕೋಡ್ ಬರೆದು ಮೂರು ಆಯಾಮದ ಸೂತ್ರಕ್ಕೆ ತಾಳೆ ನೋಡುವವರನ್ನ ಬಹಳ ಕಂಡಿದ್ದೇನೆ. ಎರಡು ಆಯಾಮದಲ್ಲಿ ಗೂಯಿ ಫೇಸ್ ಅರ್ಧ. ರೇಲೀ ದೂರದಲ್ಲಿ 45 ಡಿಗ್ರಿ ಬದಲು 22.5 ಬರಬೇಕು. ಗಾಜಿನ ಮೇಲೆ ನೇರ ಬಿಟ್ಟಾಗ 4% ಪ್ರತಿಫಲನ ಬಂತು. ಬ್ರೂಸ್ಟರ್ ಕೋನ (ಒಂದು ಪೋಲರೈಸೇಷನ್‌ನ ಪ್ಲೇನ್ ವೇವ್ ಪ್ರತಿಫಲಿಸದ ಕೋನ) 56.3 ಡಿಗ್ರಿಯಲ್ಲಿ ಪ್ರತಿಫಲನ ಪೂರ್ತಿ ಸೊನ್ನೆ ಆಗಲಿಲ್ಲ, ಆಗಬಾರದು ಕೂಡ. ಬೀಮ್‌ನಲ್ಲಿ ಪ್ರತಿ ಅಲೆಗೂ ತನ್ನದೇ ಕೋನ ಇದೆ. ಪ್ರತಿಫಲಿತ ಬೀಮ್ ಎರಡು ಹೋಳಾಗಿ, ನಡುವೆ ಕಪ್ಪು ಗೆರೆ ಬಂತು. ಆ ಚಿತ್ರವನ್ನೇ ಸೀನಿಯರ್‌ಗೆ ಕಳಿಸಿದೆ. "ಇದು ಖರೇನ ಬಂತೇನು?" ಅಂತ ಫೋನ್ ಮಾಡಿದರು. ಅವರು ಕೋಡ್ ನೋಡಲಿಕ್ಕೆ ಮನೆಗೇ ಬಂದರು.

ಕೊನೆಯದು ಮೀ ಸಿದ್ಧಾಂತ. 1908ರ ಲೆಕ್ಕ, ದುಂಡು ಕಣ ಬೆಳಕು ಚದುರಿಸುವುದಕ್ಕೆ ಇವತ್ತಿಗೂ ಅದೇ ತಕ್ಕಡಿ. ಇಲ್ಲಿ ಶಕ್ತಿನಗರದ ಬೂದಿ ಕೈಹಿಡಿಯಿತು. ಕುಲುಮೆಯ ಬಿಸಿಗೆ ಕರಗಿ ಗಾಳಿಯಲ್ಲೇ ಗಟ್ಟಿಯಾಗುವುದರಿಂದ ಹಾರುಬೂದಿಯಲ್ಲಿ ಬಹಳ ಕಣ ಗೋಲಿಯಂತೆ ದುಂಡಗಿರುತ್ತವೆ. ಒಂದು ಮೈಕ್ರಾನ್ ಗೋಳ, ಸೂಚ್ಯಂಕ 1.5, ದಪ್ಪ ಬೀಮ್. ಎಲ್ಲ ಕೋನಗಳಲ್ಲೂ ಮೀ ಲೆಕ್ಕಕ್ಕೆ ಎರಡು ಮೂರು ಪರ್ಸೆಂಟ್ ಒಳಗೆ ಬಂತು, 90 ಡಿಗ್ರಿಯಲ್ಲೂ ಸಹ. ಉಳಿದ ವ್ಯತ್ಯಾಸ ಗೋಳದ ಮೇಲ್ಮೈ ಮೆಟ್ಟಿಲು ಮೆಟ್ಟಿಲಾಗುವುದರಿಂದ. ಅಂಚಿನ ಸೆಲ್‌ಗಳಲ್ಲಿ ಸರಾಸರಿ ಸೂಚ್ಯಂಕ ಹಾಕಿದ ಮೇಲೆ ಅದೂ ಇಳಿಯಿತು.

ಕೋಡ್ ಕೈಗೆ ಬಂದ ಮೇಲೆ ಸುಮ್ನೆ ಇರಲಾಗಲಿಲ್ಲ. ತೂಕ ಬದಲಿಸಿದರೆ ಬೀಮ್ ಬದಲಾಗುತ್ತದೆ, ಬೇರೆ ಏನೂ ಮುಟ್ಟಬೇಕಿಲ್ಲ. ಒಂದೇ ಕೋನದ ಉಂಗುರದ ಅಲೆಗಳನ್ನ ಮಾತ್ರ ಇಟ್ಟರೆ ಬೆಸೆಲ್ ಬೀಮ್, 1987ರಲ್ಲಿ ಡರ್ನಿನ್ ತೋರಿಸಿದ್ದು. ಕಣದ ಹಿಂದೆ ನೆರಳು ಬಿದ್ದು, ಸ್ವಲ್ಪ ದೂರದಲ್ಲಿ ಬೀಮ್ ಮತ್ತೆ ಕೂಡಿಕೊಳ್ಳುವುದನ್ನ ಪರದೆ ಮೇಲೆ ನೋಡಿ ಒಂದು ರಾತ್ರಿ ಕಳೆದೆ. ಸುತ್ತುವ ಫೇಸ್ ಕೊಟ್ಟು ನಡುವೆ ಕತ್ತಲಿರುವ ಬೀಮ್ ಕೂಡ ಮಾಡಿದೆ. ಇನ್ನೊಂದು ನಮ್ಮೂರಿನದೇ ಪ್ರಯೋಗ. ಗಂಜ್‌ನಿಂದ ಹತ್ತಿ ತಂದು ಎಳೆಯ ಅಡ್ಡ ಕೊಯ್ತವನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಆ ಅವರೆಬೀಜದ ಆಕಾರವನ್ನ ಎರಡು ಆಯಾಮದ ಗ್ರಿಡ್‌ಗೆ ಹಾಕಿದೆ. ಹದಿನೈದು ಮೈಕ್ರಾನ್ ಅಗಲ, ಎರಡು ಆಯಾಮ ಆದ್ದರಿಂದ ನಿಮಿಷಗಳ ಕೆಲಸ. ಎಳೆ ತಿರುಗಿದಂತೆ ಪಕ್ಕಕ್ಕೆ ಹೋಗುವ ಬೆಳಕು ಜೋರಾಗಿ ಏರಿಳಿಯುತ್ತದೆ. ಬಲಿತ ಹತ್ತಿಯನ್ನೂ ಬಲಿಯದ ಹತ್ತಿಯನ್ನೂ ಬೆಳಕಿನಿಂದ ಬೇರೆ ಮಾಡಬಹುದು ಅಂತ ನನಗೆ ಬಲವಾಗಿ ಅನಿಸುತ್ತದೆ. ಅದನ್ನ ಬೇರೆ ಬರೆಯುತ್ತೇನೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಎರಡು ಜಿಯಾನ್ ಪ್ರೊಸೆಸರ್ ಇರುವ ಹಳೆಯ ವರ್ಕ್‌ಸ್ಟೇಷನ್, 128 ಜಿಬಿ ಮೆಮೊರಿ, ಅರವತ್ತೈದು ಸಾವಿರದ ಹತ್ತಿರ. ಯುಪಿಎಸ್ ಬ್ಯಾಟರಿ ಹದಿನೈದು ಸಾವಿರ. ಇದು ದುಂದು ಅಲ್ಲ. ಕರೆಂಟ್ ಹೋಗಿ ಮೂರು ತಾಸಿನ ರನ್ ಎರಡೂವರೆ ತಾಸಿಗೆ ಸತ್ತರೆ ಆ ನೋವು ಬೇರೆ. ಇಪ್ಪತ್ತು ನಿಮಿಷಕ್ಕೊಮ್ಮೆ ಫೀಲ್ಡ್‌ಗಳನ್ನ ಡಿಸ್ಕ್‌ಗೆ ಬರೆಯುವ ವ್ಯವಸ್ಥೆಯನ್ನೂ ಹಾಕಿದೆ. ಏಪ್ರಿಲ್ ಮೇ ತಿಂಗಳಲ್ಲಿ ಹಗಲು ರನ್ ಹಾಕುವುದೇ ಇಲ್ಲ. ಮಷೀನ್ ಬಿಸಿಯಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ರಾತ್ರಿ ಹತ್ತಕ್ಕೆ ಹಾಕಿ ಬೆಳಿಗ್ಗೆ ನೋಡುತ್ತೇನೆ. ಬೂದಿ ಕಣಕ್ಕೆ 25 ನ್ಯಾನೋಮೀಟರ್ ಸೆಲ್, ಎರಡು ಕೋಟಿ ಸೆಲ್, ಸುಮಾರು 1800 ಸ್ಟೆಪ್. ಐದಾರು ನಿಮಿಷಕ್ಕೆ ಮುಗಿಯುತ್ತದೆ. ಒಂದು ರಾತ್ರಿಗೆ ಒಂದು ರಾಶಿ ರನ್. ಕ್ಲೌಡ್ ಬಿಲ್ ನಿಂತುಹೋಯಿತು. ಮಷೀನ್, ಬ್ಯಾಟರಿ, ಕ್ಲೌಡ್ ಎಲ್ಲ ಸೇರಿದ ಹಣ ಈ ಒಂದು ಕೆಲಸದಿಂದ ಪೂರ್ತಿ ವಾಪಸ್ ಬರಲಿಲ್ಲ, ಆದರೆ ಮಷೀನ್ ನನ್ನದಾಗಿ ಉಳಿಯಿತು.

ಬೂದಿಯ ಫಲಿತಾಂಶ ಕೊಟ್ಟಾಯಿತು, ಬಾಕಿ ದುಡ್ಡೂ ಬಂತು. ಈಗ ಕೈಯಲ್ಲಿರೋದು ಹೆಮಟೈಟ್. ಅದು ದುಂಡಗಿಲ್ಲ, ಮೀ ಲೆಕ್ಕದ ಆಸರೆ ಇಲ್ಲ. ಹರಳಿನ ಒಂದು ದಿಕ್ಕಿನಲ್ಲಿ ಸೂಚ್ಯಂಕ 3.2ರ ಹತ್ತಿರ, ಇನ್ನೊಂದರಲ್ಲಿ 2.9ರ ಹತ್ತಿರ. ಒಳಗೆ ತರಂಗಾಂತರ 200 ನ್ಯಾನೋಮೀಟರ್‌ಗೆ ಇಳಿಯುವುದರಿಂದ ಸೆಲ್ 10 ನ್ಯಾನೋಮೀಟರ್ ಬೇಕು, ಒಂದು ರನ್ ಮೂರು ನಾಲ್ಕು ತಾಸು. ಹರಳು ಓರೆ ಕೂತಾಗ ಇ ಘಟಕಗಳು ಒಂದಕ್ಕೊಂದು ಬೆರೆಯುತ್ತವೆ. ಆ ಸರಾಸರಿಯನ್ನ ಸಮಮಿತಿ ತಪ್ಪದಂತೆ ತೆಗೆಯದಿದ್ದರೆ ಸಾವಿರ ಸ್ಟೆಪ್ ದಾಟುವಷ್ಟರಲ್ಲಿ ಫೀಲ್ಡ್ ಸಿಡಿದುಹೋಗುತ್ತದೆ. ಅದನ್ನ ಸರಿಪಡಿಸಿದ್ದೇನೆ. ಕಣ ಯಾವ ಓರೆಯಲ್ಲಾದರೂ ಬರಬಹುದು, ಅಷ್ಟೂ ಓರೆಗಳ ಸರಾಸರಿ ಬೇಕು, ಹಾಗಾಗಿ ಪೆಟ್ಟಿಗೆಯನ್ನ ಇನ್ನೂ ಎಷ್ಟು ಚಿಕ್ಕದು ಮಾಡಬಹುದು ಅಂತ ನೋಡುತ್ತಿದ್ದೇನೆ. ಕಣದ ಮೇಲ್ಮೈಯಿಂದ ಮೂರೇ ಸೆಲ್ ಆಚೆ ಪೆಟ್ಟಿಗೆಯ ಗೋಡೆ ಇಟ್ಟರೂ ಸೋರಿಕೆ ಏರಿಲ್ಲ. ಎರಡನೇ ಹಂತಕ್ಕೆ ವರ್ಕ್‌ಶಾಪ್‌ನವರು ಒಂದು ಲಕ್ಷಕ್ಕೆ ಒಪ್ಪಿದ್ದಾರೆ. ಸೀನಿಯರ್ ಈ ಸಲ ಅರ್ಧ ಕೆಲಸ ತಾವೇ ವಹಿಸಿಕೊಂಡಿದ್ದಾರೆ.